ಆಣೆಯಿಡದ ಅಧ್ಯಕ್ಷೆ

ಪುರಸಭೆಯ ಅಧ್ಯಕ್ಷಗಿರಿ ಈ ಸಲ ಪರಿಶಿಷ್ಟ ಜಾತಿಯ ಹೆಂಗಸಿಗೆ ಮೀಸಲು ಎಂದು ಸರ್ಕಾರದ ಆದೇಶ ಹೊರಬಿದ್ದ ದಿನ ಕೆಂಚನಪೇಟೆಯ ರಂಗಸ್ವಾಮಿ ಮಧ್ಯಾಹ್ನದ ಮುದ್ದೆ ಮುಟ್ಟಲಿಲ್ಲ. ತಟ್ಟೆಯ ಮುಂದೆ ಕೂತು ಆದೇಶವನ್ನು ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ. ಅಕ್ಷರ ದೊಡ್ಡದಾಯಿತು. ಜಾತಿ ಬದಲಾಗಲಿಲ್ಲ.

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ಬಸ್ಸುಗಳು ಟೀ ಕುಡಿಯಲು ನಿಲ್ಲುವ ಊರು ಕೆಂಚನಪೇಟೆ. ಆ ಊರಿಗೆ ರಂಗಸ್ವಾಮಿ ಎರಡು ಸಲ ಅಧ್ಯಕ್ಷನಾಗಿದ್ದ. ನಡುವೆ ಒಮ್ಮೆ ಕುರ್ಚಿ ಮಹಿಳೆಗೆಂದು ಮೀಸಲಾದಾಗ ಹೆಂಡತಿ ಅನಸೂಯಮ್ಮ ಅಧ್ಯಕ್ಷೆಯಾದಳು. ಆಯಮ್ಮ ರುಜು ಹಾಕಲು ಸೆರಗಿಗೆ ಕೈ ಒರೆಸಿಕೊಂಡು ಬರುತ್ತಿದ್ದದ್ದು ಕಚೇರಿಗಲ್ಲ, ಅಡುಗೆಮನೆಯಿಂದ ನಡುಮನೆಗೆ. ಕಚೇರಿಯ ಕುರ್ಚಿಯ ಸ್ಪಂಜು ಯಾವಾಗಲೂ ರಂಗಸ್ವಾಮಿಯ ಕುಂಡೆಯ ಅಚ್ಚಿಗೇ ತಗ್ಗಿತ್ತು.

"ಈಗೇನ್ ಮಾಡೀರಿ?" ಅನಸೂಯಮ್ಮ ಕೇಳಿದಳು.

"ಮಾಡಾದೇನು? ನಮ್ ಕಡೆ ಒಬ್ಳವ್ಳಲ್ಲ."

"ಯಾರು, ಆ ಬೀದಿ ಗುಡ್ಸೋಳಾ?"

"ಊಂ. ಇನ್ಮ್ಯಾಕೆ ಅವ್ಳೇ ನಮ್ಮೂರಿನ ಪ್ರಥಮ ಪ್ರಜೆ," ಎಂದು ರಂಗಸ್ವಾಮಿ ನಕ್ಕ. ನಕ್ಕ ಮೇಲೆ ಹಸಿವಾಯಿತು. ಮುದ್ದೆ ಮುರಿದ.

ಆ ಒಬ್ಬಳು ಚಿಕ್ಕಲಕ್ಷ್ಮಮ್ಮ. ಕೆರೆ ಏರಿಯ ಕೆಳಗಿನ ಕಾಲೋನಿಯವಳು. ಬಸ್ ನಿಲ್ದಾಣದಿಂದ ಸಂತೆಮಾಳದವರೆಗಿನ ರಸ್ತೆಯನ್ನು ಗುತ್ತಿಗೆಯ ಪೌರಕಾರ್ಮಿಕಳಾಗಿ ಇಪ್ಪತ್ತು ವರ್ಷ ಗುಡಿಸಿದವಳು. ಚರಂಡಿಯ ಕಪ್ಪು ಹೂಳನ್ನು ಬರಿಗೈಯಲ್ಲಿ ಬಾಚಿದವಳು. ಗ್ಲೌಸು ಕೊಡುತ್ತಿದ್ದರು, ಇಲ್ಲವೆನ್ನಬಾರದು. ಪೌರಕಾರ್ಮಿಕರ ದಿನಾಚರಣೆಯಲ್ಲಿ ಫೋಟೋ ತೆಗೆಯುವಾಗ ಕೊಡುತ್ತಿದ್ದರು. ಫೋಟೋ ಮುಗಿದ ಮೇಲೆ ಎಣಿಸಿ ವಾಪಸು ತೆಗೆದುಕೊಳ್ಳುತ್ತಿದ್ದರು. ಅವಳ ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಜಗ್ಗಲಿಲ್ಲ. ಮದುವೆಮನೆಯಲ್ಲಿ ಬಡಿಸುವವರು ಆ ಕೈ ಕಂಡೊಡನೆ ಸೌಟನ್ನು ಎತ್ತರಕ್ಕೆ ಹಿಡಿದು ಸಾರು ಬೀಳಿಸುತ್ತಿದ್ದರು. ಮೇಲಿಂದ ಬಿದ್ದ ಸಾರು ಮುಖಕ್ಕೆ ಸಿಡಿಯುತ್ತಿತ್ತು.

ಅವಳಿಗೊಂದು ವಿದ್ಯೆಯಿತ್ತು. ಯಾರ ದನಿ ಬೇಕಾದರೂ ತೆಗೆಯುತ್ತಿದ್ದಳು. ಗುಡಿಸೀ ಗುಡಿಸೀ ಸೊಂಟ ಹಿಡಿದುಕೊಂಡಾಗ ಪೊರಕೆಯನ್ನು ಶಲ್ಯದಂತೆ ಹೆಗಲಿಗೆ ಹಾಕಿ, ಗಂಟಲಲ್ಲಿ ಕಫ ಉರುಳಿಸಿ ಶುರು ಮಾಡುವಳು: "ತಾಯಂದ್ರೇ, ಅಕ್ಕತಂಗೇರೇ, ಈ ನಿಮ್ಮ ಮನೆಮಗ ರಂಗಸ್ವಾಮಿ ನಿಮ್ಮ ಮನೆ ನಾಯಿ ಅಂತ ತಿಳ್ಕಂಡು..." ಜತೆಗೆ ಗುಡಿಸುವ ದ್ಯಾವಮ್ಮ ಚರಂಡಿ ಕಲ್ಲಿನ ಮೇಲೆ ಕುಸಿದು, "ಸಾಕು ಸುಮ್ಕಿರಕ್ಕ, ಉಚ್ಚೆ ಬಂದ್ಬುಡ್ತದೆ," ಎಂದು ಹೊಟ್ಟೆ ಹಿಡಿದುಕೊಳ್ಳುವಳು. ಆ ರಸ್ತೆಯ ಉದ್ದಕ್ಕೂ ಹೆಂಗಸರಿಗೆ ಉಚ್ಚೆ ಹೊಯ್ಯಲು ಜಾಗವಿಲ್ಲ ಎಂಬುದೂ ಆ ನಗೆಯೊಳಗಿತ್ತು.

ಅವಳ ವಾರ್ಡು ಮೀಸಲಾದಾಗ ಅವಳನ್ನು ಚುನಾವಣೆಗೆ ನಿಲ್ಲಿಸಿದವನು ರಂಗಸ್ವಾಮಿಯೇ. ಬಾಯಿಲ್ಲದವಳು ಎಂದು ನಂಬಿದ್ದ. ಆ ಬಾಯೊಳಗೆ ತಾನೂ ಇದ್ದೇನೆ ಎಂದು ಅವನಿಗೆ ಗೊತ್ತಿರಲಿಲ್ಲ. ಗುತ್ತಿಗೆಯ ಕೆಲಸ ಬಿಟ್ಟರೆ ಮಾತ್ರ ನಿಲ್ಲಬಹುದು ಎಂದರು. ಬಿಟ್ಟಳು. ಬಿಟ್ಟಿದ್ದು ಒಂದೇ ಒಂದು ಕಾರಣಕ್ಕೆ. ಮನೆ ಹಿಂದಿನ ಕಸದ ಗುಡ್ಡೆ.

ಊರಿನ ಕಸವೆಲ್ಲ ಬಂದು ಬೀಳುತ್ತಿದ್ದದ್ದು ಕಾಲೋನಿಯ ಬೆನ್ನಿಗೆ. ಮೊದಲು ಅಲ್ಲೊಂದು ಹಳ್ಳವಿತ್ತು. ಹಳ್ಳ ತುಂಬಿತು. ದಿಣ್ಣೆಯಾಯಿತು. ದಿಣ್ಣೆ ಬೆಳೆದು ಮನೆಗಳ ಶೀಟಿನ ಮೇಲೆ ಇಣುಕಿತು. ಕೋಳಿ ಅಂಗಡಿಯ ಕರುಳು, ನರ್ಸಿಂಗ್ ಹೋಮಿನ ಸೂಜಿ, ಊರಿನ ಹೆಂಗಸರ ರಕ್ತದ ಬಟ್ಟೆ, ಛತ್ರದ ಎಲೆ, ಎಲ್ಲ ಅಲ್ಲಿಗೆ. ಬೇಸಿಗೆಯಲ್ಲಿ ತಾನಾಗಿಯೇ ಹೊತ್ತಿಕೊಂಡು ವಾರಗಟ್ಟಲೆ ಹೊಗೆಯುಗುಳುತ್ತಿತ್ತು. ಮಳೆಗಾಲದಲ್ಲಿ ಕಪ್ಪು ನೀರು ಒಲೆಯ ಬುಡಕ್ಕೇ ಬರುತ್ತಿತ್ತು. ಅವಳ ಗಂಡ ಹಲಗಯ್ಯನೂ ಅದೇ ಕಸ ಹೊತ್ತವನು. ಈಗ ಹಾಸಿಗೆ ಹಿಡಿದಿದ್ದ. ಹೊಗೆ ಎದ್ದ ದಿನ ಅವನು ಒದ್ದೆ ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಕೆಮ್ಮಿದರೆ ಮೈಯೆಲ್ಲ ಹಾಸಿಗೆಯಿಂದ ಏಳುತ್ತಿತ್ತು.

ಕಸ ಹಾಕಲು ಊರಾಚೆ ಬೋರೆ ಎನ್ನುವ ದಿಬ್ಬದ ಮೇಲೆ ಸರ್ಕಾರ ಎಂದೋ ಜಾಗ ಕೊಟ್ಟಿತ್ತು. ಕಾಗದದಲ್ಲಿ ಅದು ಪುರಸಭೆಯದು. ನೆಲದ ಮೇಲೆ ರಂಗಸ್ವಾಮಿಯ ಶುಂಠಿ. ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದವರೆಲ್ಲ ಶುಂಠಿ ಕಾಫಿ ಕುಡಿದು ಸುಮ್ಮನಿದ್ದರು.

"ಗೆದ್ರೆ ಕಸ ಎತ್ತುಸ್ತೀರಾ ಬುದ್ಧಿ?" ಎಂದು ಅವಳು ಆವತ್ತು ಕೇಳಿದ್ದಳು.

"ನೀನೇ ಮೆಂಬ್ರಾಯ್ತೀಯಲ್ಲಮ್ಮಿ. ನೀನೇ ಎತ್ತುಸು," ಎಂದಿದ್ದ ರಂಗಸ್ವಾಮಿ.

ಅದನ್ನು ಅವಳು ಮಾತು ಕೊಟ್ಟದ್ದು ಎಂದುಕೊಂಡಳು. ಅವನು ಮಾತಾಡಿದ್ದು ಅಷ್ಟೆ.

ಅವಳು ಗೆದ್ದು ಮೆಂಬರಾಗಿದ್ದಳು. ಎದುರು ಪಕ್ಷದಲ್ಲೂ ಒಬ್ಬ ಪರಿಶಿಷ್ಟ ಜಾತಿಯ ಸದಸ್ಯೆ ಇದ್ದಳು. ಎರಡೂ ಕಡೆ ಬಲ ಹೆಚ್ಚುಕಡಿಮೆ ಸಮ. ಸದಸ್ಯರು ಹಾರದಂತೆ ಕಾಯಬೇಕಿತ್ತು. ಹಾಗಾಗಿ ಅಧ್ಯಕ್ಷರ ಚುನಾವಣೆಗೆ ಇನ್ನೇನು ವಾರವಿದೆ ಎನ್ನುವಾಗ ರಂಗಸ್ವಾಮಿ ತನ್ನ ಕಡೆಯವರನ್ನೆಲ್ಲ ಟೆಂಪೊ ಟ್ರಾವೆಲರಿಗೆ ತುಂಬಿ, ಫೋನು ಕಸಿದುಕೊಂಡು, ಸಕಲೇಶಪುರದಾಚೆಯ ಒಂದು ಹೋಂಸ್ಟೇಗೆ ಒಯ್ದ. ಹಾಸನ ಈಗ ಮಹಾನಗರ ಪಾಲಿಕೆ, ಅಲ್ಲಿ ಮೇಯರ್ ಚುನಾವಣೆ ಬಂದರೆ ಸದಸ್ಯರನ್ನು ಗೋವಾಕ್ಕೇ ಒಯ್ಯುತ್ತಾರಂತೆ, ನಮ್ಮದು ಬಡ ಪುರಸಭೆ ಎಂದು ದಾರಿಯುದ್ದಕ್ಕೂ ಸದಸ್ಯರು ಕೊರಗಿದರು.

ಅಲ್ಲಿ ಉಳಿದಿಬ್ಬರು ಹೆಂಗಸು ಸದಸ್ಯರಿಗೆ ಮೂರು ಮಂಚದ ಕೋಣೆ. ಚಿಕ್ಕಲಕ್ಷ್ಮಮ್ಮನಿಗೆ ಜನರೇಟರ್ ಪಕ್ಕದ ಡ್ರೈವರ್ ರೂಮು. "ಅವ್ಳು ಆರಾಮಾಗಿರ್ಲಿ ಅಂತ ಸಪರೇಟು," ಎಂದರು ಆ ಹೆಂಗಸರು. ಮೂರನೆಯ ಮಂಚದ ಮೇಲೆ ಬ್ಯಾಗು ಮಲಗಿದವು.

ಕಾಫಿ ಬಂತು. ಎಲ್ಲರಿಗೂ ಸ್ಟೀಲ್ ಲೋಟ. ಅವಳಿಗೆ ಕಾಗದದ ಲೋಟ. ಅದನ್ನು ತಾನೇ ಕೈಯಾರೆ ತಂದುಕೊಟ್ಟವನು ಪಾಲಾಕ್ಷ. ರಂಗಸ್ವಾಮಿಯ ಬಲಗೈ, ಉಪಾಧ್ಯಕ್ಷನಾಗುವವನು, ಪೇಟೆಯಲ್ಲಿ ಸಿಮೆಂಟಿನ ಅಂಗಡಿಯವನು. ವೇದಿಕೆ ಸಿಕ್ಕಿದರೆ ಸಮಾನತೆಯ ಮೇಲೆ ಮೈಕು ಬಿಸಿಯಾಗುವವರೆಗೆ ಮಾತಾಡುವವನು.

"ತಗೊಳ್ಳಮ್ಮ. ಇದು ಹೈಜೀನಿಕ್ಕು," ಎಂದ.

"ಅಂಗಾರೆ ನೀವೂ ಒಂದು ತಕಳಿ ಸಾ."

"ನಂಗೆ ಸ್ಟೀಲೇ ಅಭ್ಯಾಸ."

ಬಳಸಿ ಬಿಸಾಡುವ ಲೋಟ. ಬಳಸಿ ಬಿಸಾಡುವ ಅಧ್ಯಕ್ಷೆ. ಕಾಫಿ ಬಿಸಿಯಾಗಿತ್ತು, ಲೋಟ ಮೆತ್ತಗಾಗಿ ಕೈ ಸುಟ್ಟಿತು. ಕುಡಿದಳು. ಅಂಗಳ ಗುಡಿಸುತ್ತಿದ್ದ ಹೆಂಗಸು ಅವಳ ಕೈ ನೋಡಿದಳು. ಅವಳು ಆ ಹೆಂಗಸಿನ ಕೈ ನೋಡಿದಳು.

ವಾಪಸು ಬರುವಾಗ ಕಲ್ಕಟ್ಟೆಯಮ್ಮನ ಗುಡಿಯ ಮುಂದೆ ಗಾಡಿ ನಿಂತಿತು. ಆ ಸೀಮೆಯ ಪಂಚಾಯ್ತಿ, ಪುರಸಭೆ, ಸೊಸೈಟಿ, ಯಾವುದರ ಚುನಾವಣೆಯಾದರೂ ಆಣೆ ಆಗುವುದು ಅಲ್ಲೇ. ಅಮ್ಮನ ಮುಂದೆ ಕರ್ಪೂರ ಹಚ್ಚಿ, ಅದರ ಮೇಲೆ ಕೈಯಾಡಿಸಿ ಮಾತು ಕೊಡಬೇಕು. ತಪ್ಪಿದವನು ರಕ್ತ ಕಾರುತ್ತಾನೆ. ಪೊಲೀಸರಿಗೆ, ಕೋರ್ಟಿಗೆ, ಮತದಾರರಿಗೆ ಹೆದರದವರೂ ಕಲ್ಕಟ್ಟೆಯಮ್ಮನಿಗೆ ಹೆದರುತ್ತಿದ್ದರು. ಎಂದೋ ಒಬ್ಬ ಸೊಸೈಟಿ ಡೈರೆಕ್ಟರು ಆಣೆ ತಪ್ಪಿ ವಾರದೊಳಗೆ ಕಾರಿದ್ದನಂತೆ. ಅವನಿಗೆ ಮೊದಲೇ ಹೊಟ್ಟೆಹುಣ್ಣಿತ್ತು ಎಂಬುದನ್ನು ಯಾರೂ ಹೇಳುತ್ತಿರಲಿಲ್ಲ.

ಸದಸ್ಯರು ತಮ್ಮ ತಮ್ಮಲ್ಲಿ ಅಡ್ಡಮತ ಹಾಕುವುದಿಲ್ಲವೆಂದು ಆಣೆಯಿಡಬೇಕು. ಅಧ್ಯಕ್ಷೆಯಾಗುವವಳು ರಂಗಸ್ವಾಮಿಯ ಮಾತು ಮೀರುವುದಿಲ್ಲವೆಂದು ಆಣೆಯಿಡಬೇಕು. ಇಡೀ ಪ್ರವಾಸದ ಗುರಿಯೇ ಅದು. ಚಿಕ್ಕಲಕ್ಷ್ಮಮ್ಮ ಮೆಟ್ಟಿಲಿಗೆ ಕಾಲಿಟ್ಟಳು. ಪೂಜಾರಿ ಒಳಗಿನಿಂದಲೇ ಕೈ ಅಡ್ಡ ಚಾಚಿದ.

"ಆಯಮ್ಮ ಬ್ಯಾಡ. ಅಮ್ಮಂಗೆ ಆಗ್ಬರಾಕಿಲ್ಲ."

ಎಲ್ಲರೂ ರಂಗಸ್ವಾಮಿಯ ಮುಖ ನೋಡಿದರು. "ಕಾನೂನು ಪ್ರಕಾರ ತಡೆಯಂಗಿಲ್ಲ," ಎಂದ ಪಾಲಾಕ್ಷ. ಆಮೇಲೆ, "ಆದ್ರೆ ಭಾವನೆಗಳು ಅಂತ ಇರ್ತವಲ್ಲ," ಎಂದೂ ಅಂದ.

ರಂಗಸ್ವಾಮಿ ಗಡಿಯಾರ ನೋಡಿಕೊಂಡ. "ವೊತ್ತಾಯ್ತದೆ. ಚಿಕ್ಲಕ್ಷ್ಮಿ, ನೀನು ಇಲ್ಲೇ ಚಪ್ಲಿ ನೋಡ್ಕತಾ ಇರು. ಕೋತಿ ಕಾಟ. ನಿನ್ ಆಣೇನೂ ನಾನೇ ಇಕ್ಬುಡ್ತೀನಿ."

ನಾಳಿದ್ದು ಊರಿಗೆ ಅಧ್ಯಕ್ಷೆಯಾಗುವವಳು ಚಪ್ಪಲಿ ಕಾದಳು. ಅವಳ ಕಾಲ ಸುತ್ತ ಪುರಸಭೆಯ ಬಹುಮತ ಬಿದ್ದಿತ್ತು: ಶೂ, ಹವಾಯಿ, ಚರ್ಮದ್ದು, ಹಿಮ್ಮಡಿ ಸವೆದದ್ದು. ಒಳಗಿನ ಮಾತು ಹೊರಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಅಧ್ಯಕ್ಷೆಯಾದೋಳು ರಂಗಸ್ವಾಮಿ ಮಾತು ಮೀರಾಕಿಲ್ಲ. ಮೀರುದ್ರೆ ರಕ್ತ ಕಾರ್ಲಿ," ರಂಗಸ್ವಾಮಿಯ ದನಿ.

"ಯಾರು ಕಾರ್ಬೇಕು ಗೌಡ್ರೆ?" ಪೂಜಾರಿಯ ದನಿ. "ಸರ್ಯಾಗಿ ಯೋಳಿ. ಕರ್ಪೂರದ ಮ್ಯಾಲೆ ಕೈಯಿಕ್ಕಿದೋರ್ನೇ ಅಮ್ಮ ಇಡಿಯಾದು."

ರಂಗಸ್ವಾಮಿ ಏನೋ ಗೊಣಗಿದ. ಯಾರೋ ಬೇಗ ಗಂಟೆ ಬಾರಿಸಿದರು. ಹೊರಗೆ ಬಂದು ಅವನು ಕಾಲು ಚಾಚಿದ. ಚಪ್ಪಲಿಯನ್ನು ಅವಳೇ ಮುಂದೆ ಸರಿಸಲಿ ಎಂದು ನಿಂತ. ಅವಳು ಸರಿಸಿದಳು.

ಚುನಾವಣೆ ಕೈಯೆತ್ತುವ ಚುನಾವಣೆ. ತಹಸೀಲ್ದಾರರು ಕೇಳಿದರು, ಕೈಗಳು ಎದ್ದವು. ಉಂಗುರದ ಕೈ, ದಾರದ ಕೈ, ಸಿಮೆಂಟಿನ ಕೈ. ಅವಳೂ ತನ್ನ ಕೈಯೆತ್ತಿದಳು. ಕಪ್ಪು ಉಗುರು ಎಲ್ಲರಿಗೂ ಕಂಡಿತು. ಗೆದ್ದಳು. ಹಾರಗಳನ್ನು ದೂರದಿಂದಲೇ ಬೀಸಿ ಕೊರಳಿಗೆ ಬೀಳಿಸಿದರು, ಜಾತ್ರೆಯಲ್ಲಿ ಬಳೆ ಎಸೆದು ಸೋಪು ಗೆಲ್ಲುವ ಆಟದಂತೆ. ಗುಡಿಸುವ ಹೆಂಗಸರು ಹಸಿರು ಕೋಟಿನಲ್ಲೇ ಓಡಿಬಂದರು. ಅವರು ಮಾತ್ರ ಮುಟ್ಟಿದರು. ದ್ಯಾವಮ್ಮ ಕುರ್ಚಿಯ ಸ್ಪಂಜನ್ನು ಒತ್ತಿ, "ತಗ್ಗದೆ ಕಣಕ್ಕ, ದಿಂಬಿಕ್ಕೊ," ಎಂದು ಕಿವಿಯಲ್ಲಿ ಉಸುರಿದಳು. ಇಬ್ಬರೂ ನಕ್ಕರು. ಮರುದಿನ ಆ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಬಂತು. ರಂಗಸ್ವಾಮಿಗೆ. ಅದು ಎತ್ತರವಾಗಿತ್ತು.

ಮೊದಲ ಸಾಮಾನ್ಯ ಸಭೆ. ಮುಖ್ಯಾಧಿಕಾರಿ ಶಶಿಕುಮಾರ್ ವಿಷಯ ಓದಿದ. ಕಚೇರಿಯ ಕನ್ನಡ. "ಸದರಿ ಬೋರೆಯ ಮೇಲಿನ ಸದರಿ ಜಾಗವು ಸದರಿ ಉದ್ದೇಶಕ್ಕೆ ಸೂಕ್ತವಲ್ಲವೆಂದು ಕಂಡುಬಂದಿರುವುದರಿಂದ, ಸದರಿ ಜಾಗವನ್ನು ಕೈಬಿಟ್ಟು, ಹಾಲಿ ಕಸ ಹಾಕುತ್ತಿರುವ ಕೆರೆ ಏರಿ ಕೆಳಗಿನ ಜಾಗವನ್ನೇ ಶಾಶ್ವತ ವಿಲೇವಾರಿ ಘಟಕವನ್ನಾಗಿ..."

"ಸಾ, ಸದ್ರಿ ಅಂದ್ರೆ ಯಾವ್ದು?" ಚಿಕ್ಕಲಕ್ಷ್ಮಮ್ಮ ಕೇಳಿದಳು. "ಗೌಡ್ರು ಶುಂಠಿ ಆಕವ್ರಲ್ಲ, ಅದಾ?"

ಶಶಿಕುಮಾರ್ ಕಾಗದದಿಂದ ತಲೆಯೆತ್ತಲಿಲ್ಲ. ಪೆನ್ನನ್ನು ಅವಳ ಕಡೆ ಸರಿಸಿದ. "ಎಲ್ಲರ ಒಪ್ಪಿಗೆ ಇದೆ ಮೇಡಂ. ತಾವೊಂದು ಸಹಿ ಮಾಡಿ."

"ಶಾಶ್ವತ ಅಂದ್ರೆ?"

"ಪರ್ಮನೆಂಟು."

ಇಪ್ಪತ್ತು ವರ್ಷ ಗುಡಿಸಿದರೂ ಅವಳ ಕೆಲಸ ಪರ್ಮನೆಂಟು ಆಗಿರಲಿಲ್ಲ. ಅವಳ ಮನೆ ಹಿಂದಿನ ಕಸ ಒಂದೇ ಸಭೆಯಲ್ಲಿ ಪರ್ಮನೆಂಟು ಆಗುತ್ತಿತ್ತು.

"ನಾನು ರುಜು ಆಕಾಕಿಲ್ಲ."

ರಂಗಸ್ವಾಮಿ ತನ್ನ ಎತ್ತರದ ಕುರ್ಚಿಯಿಂದ ಬಾಗಿದ. "ಏನಂದೆ?"

"ಆಕಾಕಿಲ್ಲ."

"ನಿನ್ನ ಗೆಲ್ಸಿದ್ದು ಯಾರಮ್ಮಿ?"

"ಗೆಲ್ಸಿದ್ದು ನೀವೇಯ. ಕಸ ನೀನೇ ಎತ್ತುಸು ಅಂದಿದ್ದೂ ನೀವೇಯ. ಎತ್ತುಸ್ತಾವ್ನಿ. ನಮ್ ಮನೇರು ಕೆಮ್ಮೀ ಕೆಮ್ಮೀ ಸಾಯ್ತಾವ್ರೆ. ಬೋರೆ ಮ್ಯಾಲೆ ಯಾರ್ ಮನೆ ಅದೆ? ಶುಂಠಿ ಕೆಮ್ತದಾ?"

ಯಾರೋ ಕಿಸಕ್ಕೆಂದರು. ರಂಗಸ್ವಾಮಿಯ ಕಿವಿ ಕೆಂಪಗಾಯಿತು. "ಲೇ, ಅಮ್ಮನ್ ಮುಂದೆ ಆಣೆಯಾಗದೆ. ಮರ್ತ್ಬುಟ್ಟಾ?"

"ಯಾರ್ದು ಆಣೆ?"

"ನಿಂದು!"

"ನಾನೆಲ್ಲಿ ಆಣೆಯಿಕ್ದೆ ರಂಗಸ್ವಾಮಣ್ಣ?" ಬುದ್ಧಿ ಎನ್ನಲಿಲ್ಲ. ಅವನ ಎದುರಿಗೆ ಅವಳ ಬಾಯಿಂದ ಅವನ ಹೆಸರು ಬಂದದ್ದು ಅದೇ ಮೊದಲು. "ನನ್ನ ಒಳೀಕೇ ಬುಡ್ನಿಲ್ಲ. ನಾನು ಚಪ್ಲಿ ಕಾಯ್ತಿದ್ದೆ."

"ಕಚೇರಿಯಲ್ಲಿ ಪ್ರಮಾಣವಚನ ತಗೊಂಡಿದೀರಲ್ಲಮ್ಮ," ಎಂದು ಪಾಲಾಕ್ಷ ನಡುವೆ ಬಂದ.

"ಅದು ಸಂವಿಧಾನದ್ದು ಸಾ. ಅದ್ರಲ್ಲಿ ಇವ್ರೆಸ್ರು ಇರ್ನಿಲ್ಲ."

ಆಮೇಲೆ ಅವಳು ಎದ್ದು ನಿಂತಳು. ಕಫ ಉರುಳಿಸಿದಳು. ಸೆರಗನ್ನು ಹೆಗಲ ಮೇಲೆ ಶಲ್ಯದಂತೆ ಎಳೆದುಕೊಂಡಳು. ರಂಗಸ್ವಾಮಿಯ ದನಿ, ರಂಗಸ್ವಾಮಿಯ ಮೂಗು, ರಂಗಸ್ವಾಮಿಯ ಗತ್ತು ಅವಳ ಬಾಯಿಂದ ಬಂತು: "ವೊತ್ತಾಯ್ತದೆ. ಚಿಕ್ಲಕ್ಷ್ಮಿ, ನೀನು ಚಪ್ಲಿ ನೋಡ್ಕತಾ ಇರು. ನಿನ್ ಆಣೇನೂ ನಾನೇ ಇಕ್ಬುಡ್ತೀನಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಎದುರು ಪಕ್ಷದವರು ಬೆಂಚು ಬಡಿದರು. ಬಾಗಿಲಲ್ಲಿ ನಿಂತಿದ್ದ ಜವಾನ ಹೊರಗೆ ಓಡಿಹೋಗಿ ನಕ್ಕ. ಚಿಕ್ಕಲಕ್ಷ್ಮಮ್ಮ ನಗಲಿಲ್ಲ. ಮತ್ತೆ ಕೂತು ತನ್ನ ದನಿಗೆ ಬಂದಳು.

"ಕರ್ಪೂರದ ಮ್ಯಾಲೆ ಕೈಯಿಕ್ಕಿದ್ದು ನೀವು. ನಾನು ಮಾತು ಮೀರಿವ್ನಿ. ಈಗ ರಕ್ತ ಕಾರಾದಿದ್ರೆ ನೀವೇ ಕಾರ್ಬೇಕು."

ನಗು ನಿಂತಿತು. ಅದು ತಟ್ಟನೆ ಎಲ್ಲರಿಗೂ ಹೊಳೆಯಿತು. ಪೂಜಾರಿ ಕೇಳಿದ್ದು, ಇವನು ಗೊಣಗಿದ್ದು, ಗಂಟೆ ಬಾರಿಸಿದ್ದು ಎಲ್ಲ ನೆನಪಾಯಿತು. ಅಕ್ಕಪಕ್ಕದವರು ಕುರ್ಚಿ ಸ್ವಲ್ಪ ಹಿಂದೆ ಜರುಗಿಸಿದರು. ರಂಗಸ್ವಾಮಿ ಕರ್ಚೀಫು ತೆಗೆದು ಬಾಯಿಗೆ ಒತ್ತಿದ. ತೆಗೆದು ನೋಡಿದ. ಬೆಳ್ಳಗಿತ್ತು. ಮತ್ತೆ ಒತ್ತಿದ. ಅವನ ಹಣೆಯಲ್ಲಿ ಬೆವರು ಸಾಲುಗಟ್ಟಿತು. ಅಷ್ಟು ವರ್ಷ ಅವಳು ಅವನನ್ನು ನೋಡಿದ್ದಳು, ಅವನು ಹೆದರಿದ್ದನ್ನು ನೋಡಿರಲಿಲ್ಲ. ಗೆದ್ದೆ ಎಂದುಕೊಂಡಳು.

ಗೆದ್ದದ್ದು ಪಾಲಾಕ್ಷ ಬಾಯಿ ತೆರೆಯುವವರೆಗೆ.

"ಗೌಡ್ರೆ, ಗಾಬ್ರಿಯಾಗ್ಬೇಡಿ," ಎಂದ ಅವನು ಮೆಲ್ಲಗೆ, ಲೆಕ್ಕ ಹಾಕಿದವನಂತೆ. "ಆಣೆ ಇರೋದು ಏನಂತ? ಅಧ್ಯಕ್ಷೆ ಮಾತು ಮೀರಿದ್ರೆ ಅಂತ. ಅಧ್ಯಕ್ಷೆ ಸಭೇಲಿ ಇದ್ರೆ ತಾನೆ ಮೀರೋದು? ಸಭೇಗೇ ಬರ್ಲಿಲ್ಲ ಅಂದ್ರೆ?"

ರಂಗಸ್ವಾಮಿ ಕರ್ಚೀಫು ಇಳಿಸಿದ.

"ಇಲ್ಲೇ ಕುಂತಿವ್ನಲ್ಲ ಸಾ," ಎಂದಳು ಚಿಕ್ಕಲಕ್ಷ್ಮಮ್ಮ.

ಯಾರೂ ಅವಳ ಕಡೆ ತಿರುಗಲಿಲ್ಲ. ಪಾಲಾಕ್ಷ ಶಶಿಕುಮಾರನಿಗೆ ಹೇಳತೊಡಗಿದ, ಶಶಿಕುಮಾರ್ ಬರೆಯತೊಡಗಿದ. "ಮಾನ್ಯ ಅಧ್ಯಕ್ಷರು ಅನಾರೋಗ್ಯದ ನಿಮಿತ್ತ ಸಭೆಗೆ ಗೈರುಹಾಜರಾಗಿದ್ದು, ಮಾನ್ಯ ಉಪಾಧ್ಯಕ್ಷರ ಅಧ್ಯಕ್ಷತೆಯಲ್ಲಿ..."

"ಏಯ್, ಇಲ್ಲೇ ಇವ್ನಿ ಕಣ್ರಯ್ಯ! ಕಣ್ ಕಾಣಾಕಿಲ್ವಾ?" ಅವಳು ಮೇಜು ಬಡಿದಳು. ನೀರಿನ ಲೋಟ ಬಿತ್ತು. ನೀರು ಹರಿದು ಪಾಲಾಕ್ಷನ ಕಡೆ ಹೋಯಿತು. ಅವನು ಅಂಗಿಯ ತೋಳು ಮೇಲೆ ಮಾಡಿಕೊಂಡು ಮುಂದುವರಿಸಿದ.

"ಒಪ್ಪಿಗೆ ಇರೋರು ಕೈಯೆತ್ತಿ."

ಅವಳು ಎದುರು ಪಕ್ಷದ ಬೆಂಚಿನ ಕಡೆ ನೋಡಿದಳು. ಈಗಷ್ಟೇ ಬೆಂಚು ಬಡಿದವರು. ಅವರ ಮನೆಗಳ ಕಸವೂ ಎಲ್ಲಾದರೂ ಬೀಳಬೇಕಿತ್ತು. ಅವರಲ್ಲಿ ಯಾರ ಮನೆಯೂ ಏರಿಯ ಕೆಳಗಿರಲಿಲ್ಲ. ಆ ಕೈಗಳೂ ಎದ್ದವು. ಅವರ ಕಡೆಯ ಪರಿಶಿಷ್ಟ ಜಾತಿಯ ಸದಸ್ಯೆ ತಲೆ ತಗ್ಗಿಸಿ ಕೂತಿದ್ದಳು. ಪಕ್ಕದವನು ಮೊಣಕೈಯಿಂದ ತಿವಿದ. ಅವಳ ಕೈಯೂ ಅರ್ಧ ಎದ್ದಿತು. ಅರ್ಧ ಸಾಕಿತ್ತು.

ಒಮ್ಮತದ ನಿರ್ಣಯ. ಪಾಲಾಕ್ಷ ರುಜು ಹಾಕಿದ. ರಂಗಸ್ವಾಮಿ ಎದ್ದು, ಅವಳು ಕೂತ ಕುರ್ಚಿಯನ್ನು ಖಾಲಿ ಕುರ್ಚಿಯೆಂಬಂತೆ ದಾಟಿ ಹೋದ. ಹೋಗುತ್ತಾ ಅವಳಿಗಲ್ಲ, ಶಶಿಕುಮಾರನಿಗೆ ಹೇಳಿದ. "ಅಧ್ಯಕ್ಷರಿಗೆ ಉಸಾರಿಲ್ವಂತೆ ಕಣ್ರೀ. ಉಸಾರಾಗೋವರ್ಗೂ ಆಯಮ್ಮನ್ಗೆ ತೊಂದ್ರೆ ಕೊಡ್ಬೇಡಿ. ಮೀಟಿಂಗ್ ಎಲ್ಲ ಪಾಲಾಕ್ಷ ನೋಡ್ಕತಾನೆ."

ಮನೆಗೆ ಬಂದಾಗ ಹಲಗಯ್ಯ ಗೋಡೆಯಿಂದ ಮುಖ ಈಚೆ ಮಾಡಿದ. "ಏನಾಯ್ತಮ್ಮಿ?"

"ರುಜು ಆಕ್ನಿಲ್ಲ."

"ಒಳ್ಳೇದ್ ಮಾಡ್ದೆ," ಎಂದ. ಒಂದು ಕೆಮ್ಮು ಮುಗಿಸಿ ಕೇಳಿದ, "ಕಸ ಓಯ್ತದಾ?"

ಅವಳು ಒಲೆ ಹಚ್ಚಿದಳು.

ಮರುದಿನ ಬೆಳಿಗ್ಗೆ ಕಸದ ಟ್ರ್ಯಾಕ್ಟರು ಕಾಲೋನಿಯ ಹಿಂದಕ್ಕೆ ಹೋಗಲಿಲ್ಲ. ಮುಂದೆ ಬಂತು. ಬೀದಿಯ ಬಾಯಿಗೆ, ಅವಳ ಮನೆಯ ಬಾಗಿಲೆದುರಿಗೆ ಹಿಮ್ಮುಖವಾಗಿ ಬಂದು ನಿಂತಿತು. ಓಡಿಸುತ್ತಿದ್ದವನು ಪೃಥ್ವಿರಾಜ್. ಅವಳ ಸ್ವಂತ ಅಣ್ಣನ ಮಗ. ಆ ಹೆಸರಿಟ್ಟಾಗ ಊರವರು ನಕ್ಕಿದ್ದರು. ಪುರಸಭೆಯ ಗುತ್ತಿಗೆಯಲ್ಲಿ ಚಾಲಕ. ರಂಗಸ್ವಾಮಿಯ ಭಾವಮೈದನೇ ಗುತ್ತಿಗೆದಾರ. ಅವಳು ಹೋಗಿ ಟ್ರೇಲರಿನ ಹಿಂದೆ ನಿಂತಳು.

"ಅತ್ತೆ, ಸರ್ಕೊ."

"ಇಲ್ ಸುರಿ ಅಂದೋರ್ಯಾರ್ಲಾ?"

"ಇಂದ್ಲ ಜಾಗಕ್ಕೆ ಕಾಂಪೌಂಡ್ ಆಕ್ತಾರಂತೆ. ಪರ್ಮನೆಂಟ್ ಮಾಡ್ತಾರಂತೆ. ಅಲ್ಲೀಗಂಟ ಇಲ್ಲೇ ಸುರಿ ಅಂದವ್ರೆ. ನಿಮ್ಮತ್ತೆ ಮನೆ ಮುಂದೇನೇ ಸುರಿ ಅಂತ ಯೋಳಿ ಕಳ್ಸವ್ರೆ."

"ನೀನು ಊಂ ಅಂದಾ?"

"ಇನ್ನೇನನ್ಲಿ?" ಅವನ ದನಿ ಒಡೆಯಿತು. "ನನ್ ಕೆಲ್ಸ ಕಿತ್ಕಂಡ್ರೆ ನೀನ್ ಕೊಡ್ಸೀಯಾ? ನಿನ್ ಮಾತು ನಿನ್ ಆಪೀಸ್ನಾಗೇ ನಡ್ಯಾಕಿಲ್ವಂತೆ. ಜವಾನ ಯೋಳ್ದ. ನೀನು ಕುಂತಿದ್ರೂ ಇಲ್ಲ ಅಂತ ಬರ್ದ್ರಂತೆ. ಸರ್ಕೋ ಅತ್ತೆ, ಕೈ ಮುಗೀತೀನಿ. ನನ್ ಎಂಡ್ರು ಬಸ್ರಿ."

ಅವಳು ಸರಿಯಲಿಲ್ಲ. ಅವನು ಇಳಿದು ಬಂದು ಅವಳ ಎರಡೂ ಭುಜ ಹಿಡಿದು, ಎತ್ತಿ, ಪಕ್ಕಕ್ಕೆ ಇಟ್ಟ. ಮೆತ್ತಗೇ ಇಟ್ಟ, ಬೀಳದಂತೆ. ಹತ್ತಿ ಕೂತು ಟ್ರೇಲರ್ ಎತ್ತಿದ. ನಿನ್ನೆಯ ಮದುವೆಯೊಂದರ ಊಟವೆಲ್ಲ ಜಾರಿ ಬಿತ್ತು. ಎಂಜಲೆಲೆ, ಕೋಳಿಯ ಪುಕ್ಕ, ಒದ್ದೆ ಅನ್ನ, ಡೈಪರು. ಕಪ್ಪು ರಸ ಹರಿದು ಹೊಸ್ತಿಲು ದಾಟಿತು. ಒಳಗೆ ಹಲಗಯ್ಯನ ಕೆಮ್ಮು ಶುರುವಾಯಿತು. ಪೃಥ್ವಿರಾಜ್ ಹಿಂತಿರುಗಿ ನೋಡದೆ ಗಾಡಿ ಓಡಿಸಿದ.

ಬೀದಿಯವರೆಲ್ಲ ಬಂದು ನಿಂತರು. ಮೂಗು ಮುಚ್ಚಿದರು. ಇಷ್ಟು ವರ್ಷ ಕಸ ಬೆನ್ನಿಗಿತ್ತು, ಈಗ ಎದೆಗೆ ಬಂದಿತ್ತು.

"ರುಜು ಆಕ್ಬುಟ್ಟಿದ್ರೆ ಏನೋಯ್ತಿತ್ತು?" ಒಬ್ಬಳು ಅಂದಳು. "ನೀನು ಆಕ್ದಿದ್ರೂ ಅವ್ರು ಮಾಡ್ಕಂಡ್ರು. ಈಗ ನಾವು ನಡ್ಯಾದೆಲ್ಲಿ?"

ಚಿಕ್ಕಲಕ್ಷ್ಮಮ್ಮ ಸೀರೆ ಎತ್ತಿ ಕಟ್ಟಿದಳು. ಸಲಿಕೆ ತಂದಳು. ಬಗ್ಗಿ ತುಂಬತೊಡಗಿದಳು. ಇಪ್ಪತ್ತು ವರ್ಷದ ಅಭ್ಯಾಸದ ಮೈ. ಸೊಂಟ ತಾನಾಗಿ ಬಾಗಿತು. ಹಾಗೆ ಅಂದವಳೇ ಇನ್ನೊಂದು ಸಲಿಕೆ ತಂದಳು. ಬೆಳಗಿನ ಪಾಳಿ ಮುಗಿಸಿ ಬಂದ ದ್ಯಾವಮ್ಮ ಬುಟ್ಟಿ ತಂದಳು. ಊರಿಡೀ ಗುಡಿಸಿ ಬಂದ ಹೆಂಗಸರು ಈಗ ಅದೇ ಕಸವನ್ನು ಎರಡನೆಯ ಸಲ ಬಾಚಿದರು. ಯಾರೂ ಯಾರ ದನಿಯನ್ನೂ ತೆಗೆಯಲಿಲ್ಲ.

ರಂಗಸ್ವಾಮಿಯ ಮಗ ಸುದರ್ಶನ್ ಬೈಕಿನಲ್ಲಿ ಬಂದವನು ರಸ್ತೆಯಾಚೆ ನಿಂತ. ಕಸ ಬಿದ್ದಿದೆಯೋ ಇಲ್ಲವೋ ನೋಡಿಕೊಂಡು ಬಾ ಎಂದು ಅಪ್ಪ ಕಳಿಸಿದ್ದ. ಅವನು ನೋಡಿದ. ಅಧ್ಯಕ್ಷೆ ಮೊಣಕಾಲುದ್ದ ಕಸದಲ್ಲಿ ಸಲಿಕೆ ಹಿಡಿದಿದ್ದಳು. ಅವನಿಗೆ ಅಪ್ಪನಿಗಿಂತ ಚುರುಕು ತಲೆ. ಫೋನು ತೆಗೆದ. ಮಧ್ಯಾಹ್ನದೊಳಗೆ ಆ ಫೋಟೋ ಊರಿನ ಎಲ್ಲ ವಾಟ್ಸಪ್ ಗುಂಪುಗಳಲ್ಲಿ ಹರಿದಾಡಿತು. ಸ್ವಚ್ಛತಾ ಆಂದೋಲನಕ್ಕೆ ಕೆಂಚನಪೇಟೆಯಲ್ಲಿ ಚಾಲನೆ. ಮಾರ್ಗದರ್ಶನ: ಶ್ರೀ ರಂಗಸ್ವಾಮಿಯವರು. ಸ್ವತಃ ಸಲಿಕೆ ಹಿಡಿದ ಮಾದರಿ ಅಧ್ಯಕ್ಷೆ. ಕೆಳಗೆ ಸಾಲು ಸಾಲು ಮುಗಿದ ಕೈಗಳು, ಚಪ್ಪಾಳೆಗಳು. ಪಾಲಾಕ್ಷ ಹೂವಿನ ಚಿತ್ರವನ್ನೇ ಹಾಕಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ಚಿಕ್ಕಲಕ್ಷ್ಮಮ್ಮನ ಫೋನು ಬಡಿದುಕೊಂಡಿತು. ಬೆರಳಿಗೆ ಕಸ ಮೆತ್ತಿದ್ದರಿಂದ ಗೆಣ್ಣಿನಿಂದ ಒತ್ತಿದಳು.

"ಮೇಡಂ, ನಮಸ್ಕಾರ. ಬಸವೇಶ ಅಂತ, ಹಾಸನದಿಂದ, ಪತ್ರಿಕೆಯವನು. ಅಧ್ಯಕ್ಷರೇ ಬೀದಿಗಿಳಿದು ಕಸ ತೆಗೀತಿರೋದು ನೋಡಿ ಮೈ ಜುಮ್ಮಂತು ಮೇಡಂ. ಈ ಐಡಿಯಾ ಎಲ್ಲಿಂದ ಬಂತು ನಿಮಗೆ?"

"ಐಡಿಯಾ ಅಲ್ಲ ಕಣಪ್ಪ, ಕಸ. ನಮ್ ಮನೆ ಬಾಗ್ಲಿಗೆ ತಂದ್ ಸುರ್ದವ್ರೆ. ಬೋರೆ ಮ್ಯಾಲೆ ಪುರಸಭೆ ಜಾಗ ಅದೆ. ಅಲ್ಲಿ ರಂಗಸ್ವಾಮಿ ಶುಂಠಿ ಬೆಳ್ಕತಾವ್ನೆ. ನಾನು ರುಜು ಆಕ್ನಿಲ್ಲ ಅಂತ ಇಂಗ್ ಮಾಡವ್ರೆ. ಅದ್ನ ಬರಿಯಪ್ಪ."

ಆ ಕಡೆ ಅವನು ಗಂಟಲು ಸರಿಮಾಡಿಕೊಂಡ.

"ಅದೆಲ್ಲ ಲೋಕಲ್ ರಾಜಕೀಯ ಮೇಡಂ. ನಾವು ಮಾಡ್ತಿರೋದು ಪಾಸಿಟಿವ್ ಸುದ್ದಿ. ಆದ್ರೆ ಮೊದ್ಲು ಒಂದು ಮಾತು ಅಂದ್ರಲ್ಲ, ಐಡಿಯಾ ಅಲ್ಲ, ಕಸ ಅಂತ? ಸಖತ್ತಾಗಿದೆ. ಅದನ್ನೇ ಹೆಡ್ಡಿಂಗ್ ಮಾಡ್ತೀನಿ. ಒಂದು ಫೋಟೋ ಕಳಿಸಿ ಮೇಡಂ, ಸ್ವಲ್ಪ ನಗ್ತಾ ಇರೋದು."

ಅವಳು ಫೋನನ್ನು ಸೊಂಟಕ್ಕೆ ಸಿಕ್ಕಿಸಿದಳು. ಅದರೊಳಗೆ ಅವನು ಇನ್ನೂ ಮಾತಾಡುತ್ತಲೇ ಇದ್ದ.

"ಯಾರಕ್ಕ?" ದ್ಯಾವಮ್ಮ ಕೇಳಿದಳು.

"ಯಾರೂ ಇಲ್ಲ ಕಣೆ. ಎತ್ತು."

ದ್ಯಾವಮ್ಮ ಬುಟ್ಟಿಯ ಆ ಕಡೆ ಹಿಡಿದಳು, ಇವಳು ಈ ಕಡೆ. ಕಪ್ಪು ರಸ ತೊಟ್ಟಿಕ್ಕಿ ಇಬ್ಬರ ಪಾದದ ಮೇಲೂ ಬಿತ್ತು. ಬೀದಿಯ ಬಾಯಲ್ಲಿ ಅರ್ಧ ಲೋಡು ಹಾಗೇ ಇತ್ತು. ಬುಟ್ಟಿ ಹೊತ್ತು ಇಬ್ಬರೂ ಮನೆಯ ಹಿಂದಿನ ಗುಡ್ಡೆಯ ಕಡೆಗೇ ನಡೆದರು. ಸುರಿಯಲು ಇನ್ನೊಂದು ಜಾಗ ಇರಲಿಲ್ಲ.